ಕಿಡಿ ಮಾವನ ನೀಲಿ ತಂತಿಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದಡದ ಮರಳಿನಲ್ಲಿ ಹಳೆಯ ಪೆಟ್ರೋಲ್ ಟ್ರ್ಯಾಕ್ಟರ್. ಅದರ ಬಾನೆಟ್ ಮೇಲೆ ಒಡೆಯದ ಎರಡು ರಟ್ಟಿನ ಪೆಟ್ಟಿಗೆಗಳು. ಕಿಡಿ ಮಾವ ಒಂದನ್ನು ಎತ್ತುತ್ತಾರೆ, ಇಡುತ್ತಾರೆ, ಇನ್ನೊಂದನ್ನು ಎತ್ತುತ್ತಾರೆ.

"ನೋಡೋಕೆ ಎರಡೂ ಒಂದೇ ಥರ ಇವೆ. ಯಾವುದನ್ನ ಒಡೀಲಿ?" ಎಂದು ನನ್ನನ್ನು ಕೇಳುತ್ತಾರೆ. ಮನೆಯ ಬಲ್ಬು ಬದಲಿಸಲೂ ಪಕ್ಕದವರನ್ನು ಕರೆಯುವವನು ನಾನು.

ಮೀನು ಹಿಡಿದು ಬರುವ ಹನ್ನೊಂದು ದೋಣಿಗಳನ್ನು ಅಲೆಯಿಂದ ಮೇಲೆಳೆಯುವುದು ಈ ಟ್ರ್ಯಾಕ್ಟರಿನ ಕೆಲಸ. ಮೂವತ್ತೊಂದು ವರ್ಷದಿಂದ ಅದನ್ನು ಎಬ್ಬಿಸುವುದು ಮಾವನ ಕೆಲಸ. ಎಂಜಿನ್ನಿಗೆ ಕಿಡಿ ಕೊಡುವ ಪಾಯಿಂಟುಗಳಿಗೆ ಉಪ್ಪುಗಾಳಿಯಿಂದ ದಿನವೂ ಕಿಲುಬು. ದೋಣಿಗಿಂತ ಒಂದು ಗಂಟೆ ಮೊದಲೇ ಬಂದು, ಉಜ್ಜಿ, ಕೂದಲೆಳೆಯಷ್ಟು ಸಂದು ಬಿಟ್ಟು ಬಿಗಿಯಬೇಕು. ಈಗ ಆ ಸಂದು ಅವರಿಗೆ ಕಾಣಿಸುವುದಿಲ್ಲ, ಕಣ್ಣು ಮಂಜಾಗಿದೆ. ಪಾಯಿಂಟುಗಳ ಬದಲು ಈ ಪೆಟ್ಟಿಗೆಯೊಳಗಿನ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದರೆ ಉಜ್ಜುವುದೂ ಇಲ್ಲ, ಅಳೆಯುವುದೂ ಇಲ್ಲ.

ಆದರೆ ಅದರಲ್ಲಿ ಎರಡು ಬಗೆ. ಬ್ಯಾಟರಿಯ ಪ್ಲಸ್ ಟ್ರ್ಯಾಕ್ಟರಿನ ಮೈಗೆ ಸೇರಿದ್ದರೆ ಒಂದು, ಮೈನಸ್ ಸೇರಿದ್ದರೆ ಇನ್ನೊಂದು. ಈಗಿನ ಗಾಡಿಗಳಲ್ಲೆಲ್ಲ ಮೈನಸ್ ಎಂದುಕೊಂಡು ಹೋದ ವಾರ ಮಾವ ಒಂದನ್ನು ಹಾಕಿದರು. ಕೀಲಿ ತಿರುಗಿಸಿದ್ದೇ ತಡ, ಹೊಗೆ! ತಾನು ಎಡವಿದ್ದು ಬಗೆಯಲ್ಲೋ, ತಂತಿ ಸೇರಿಸಿದ್ದರಲ್ಲೋ ಎಂಬುದೂ ಅವರಿಗೆ ಗೊತ್ತಾಗಲಿಲ್ಲ. ಇನ್ನೊಮ್ಮೆ ಹೊಗೆ ಬಂದರೆ ಟ್ರ್ಯಾಕ್ಟರ್ ಗುಜರಿಗೆ, ಮಾವ ಮನೆಗೆ ಎಂದು ದೋಣಿಯವರು ಹೇಳಿಬಿಟ್ಟಿದ್ದಾರೆ. ಅಂಗಡಿಯವನು ಈ ಸಲ ಎರಡೂ ಬಗೆ ಕಳಿಸಿದ್ದಾನೆ, ಎಡದ ಪೆಟ್ಟಿಗೆಯ ಮೇಲೆ ಪ್ಲಸ್, ಬಲದ್ದರ ಮೇಲೆ ಮೈನಸ್ ಎಂದು ಬರೆದಿದೆ. ಒಡೆದದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲವಂತೆ.

ಬ್ಯಾಟರಿ ನೋಡಿದರೆ ಗೊತ್ತಾಗುವುದಿಲ್ಲವೇ? ನಾನೂ ಹಾಗೇ ಕೇಳಿದೆ. ಬ್ಯಾಟರಿ, ತಂತಿಯ ಕೆಲಸವೆಲ್ಲ ಮಾವನ ಅಣ್ಣನದಾಗಿತ್ತು. ಉಪ್ಪಿಗೆ ಹೆದರಿ ಅವರು ಕಂಡದ್ದಕ್ಕೆಲ್ಲ ದೋಣಿಯ ನೀಲಿ ಬಣ್ಣ ಬಳಿಯುತ್ತಿದ್ದರು. ತಂತಿ ನೀಲಿ, ಬ್ಯಾಟರಿಯ ತಲೆಯೂ ನೀಲಿ. ಹೋದ ವರ್ಷ ಅಣ್ಣ ತೀರಿಕೊಂಡರು. ಮಾವ ಬಣ್ಣ ಕೆರೆದರು, ಅದರ ಜೊತೆ ಪ್ಲಸ್, ಮೈನಸ್ ಗುರುತೂ ಎದ್ದುಹೋಯಿತು.

"ಮೀಟರ್ ಇಲ್ವಾ?"

"ಇದೆಯಲ್ಲ, ಅಣ್ಣಂದೇ. ಅದರ ಎರಡೂ ತಂತಿಗೂ ನೀಲಿ ಹೊಡೆದಿದ್ದಾನೆ ಪುಣ್ಯಾತ್ಮ!"

ನಗಬೇಕೋ ಅಳಬೇಕೋ ನನಗೆ ತಿಳಿಯುವುದಿಲ್ಲ. ದೂರದಲ್ಲಿ ಮೊದಲ ದೋಣಿಯ ದೀಪ ಕಾಣುತ್ತದೆ.

ಅಷ್ಟರಲ್ಲಿ ಬಲೆ ಹೆಣೆಯುವ ಅವರ ಹೆಂಡತಿ ಕಿಲುಬು ತೊಳೆಯಲು ಬಿಸಿನೀರು ತರುತ್ತಾರೆ. ತಂತಿಗಳನ್ನು ಕಳಚಿ, ಬ್ಯಾಟರಿಯ ಎರಡು ಗೂಟಗಳನ್ನು ತೊಳೆದು, ಮತ್ತೆ ಸಿಕ್ಕಿಸಲು ನೋಡುತ್ತಾರೆ.

"ರೀ, ಈ ತಂತಿ ಈ ಗೂಟಕ್ಕೆ ಕೂರ್ತಿಲ್ಲ. ಈ ಗೂಟ ದಪ್ಪ, ಆ ಗೂಟ ಸಣ್ಣ."

ಮಾವ ಬೆರಳಿಟ್ಟು ನೋಡುತ್ತಾರೆ. ಕಣ್ಣಿಗೆ ಕಾಣದ್ದು ಕೈಗೆ ಸಿಗುತ್ತದೆ. ಅಂಗಡಿಯವನಿಗೆ ಫೋನ್ ಹೋಗುತ್ತದೆ. ಆತ ನಿದ್ದೆಗಣ್ಣಲ್ಲೇ ಗೊಣಗುತ್ತಾನೆ: "ದಪ್ಪ ಇರೋದೇ ಪ್ಲಸ್ ಕಣ್ರೀ, ಎಲ್ಲಾ ಬ್ಯಾಟರಿಲೂ."

ದಪ್ಪ ಗೂಟಕ್ಕೆ ಕೂರುವ ತಂತಿಯನ್ನು ಮಾವ ಬೆರಳಲ್ಲೇ ಹಿಂಬಾಲಿಸುತ್ತಾರೆ. ಅದು ನೇರ ಹೋಗಿ ಟ್ರ್ಯಾಕ್ಟರಿನ ಮೈಗೆ ಬೋಲ್ಟ್ ಆಗಿದೆ. ಪ್ಲಸ್ಸೇ ಮೈಗೆ! ಪ್ಲಸ್ ಎಂದು ಬರೆದ ಎಡಗಡೆಯ ಪೆಟ್ಟಿಗೆ ಒಡೆಯುತ್ತಾರೆ.

ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಕೀಲಿ ತಿರುಗಿಸುವಾಗ ಅವರ ಹೆಂಡತಿ ಕಣ್ಣು ಮುಚ್ಚಿಕೊಂಡಿದ್ದಾರೆ. ನಾನೂ ಮುಚ್ಚಿಕೊಂಡೆ ಎಂದು ಹೇಳಲು ನಾಚಿಕೆಯಿಲ್ಲ. ಟ್ರ್ಯಾಕ್ಟರ್ ಒಂದೇ ಏಟಿಗೆ ಏಳುತ್ತದೆ. ಬಿಸಿಲೇರುವ ಹೊತ್ತಿಗೆ ಹನ್ನೊಂದೂ ದೋಣಿ ದಡದ ಮೇಲಿವೆ.

ಆದರೂ ಮಾವನ ಮುಖದಲ್ಲಿ ಗೊಂದಲ ಹಾಗೇ ಇದೆ. "ಇನ್ಮೇಲೆ ಬೆಳಗ್ಗೆ ಒಂದು ಗಂಟೆ ಮುಂಚೆ ಬರೋದು ಬೇಡ. ಬಂದ್ರೂ ಮಾಡೋಕೆ ಏನಿದೆ?"

"ಮಲ್ಕೊಳ್ಳಿ," ಎನ್ನುತ್ತಾರೆ ಹೆಂಡತಿ.

"ನಿದ್ದೆ ಬರ್ಬೇಕಲ್ಲ," ಎನ್ನುತ್ತಾ ಅವರು ದೋಣಿಯವರಿಂದ ಒಂದಿಷ್ಟು ಕೆಂಪು ಬಣ್ಣ ಕೇಳಿ ತರುತ್ತಾರೆ. ದಪ್ಪ ಗೂಟದ ತಂತಿಗೆ ಬೆರಳಗಲ ಪಟ್ಟಿ ಬಳಿಯುತ್ತಾರೆ. ನಾಳೆ ಇದನ್ನು ಬಿಚ್ಚುವವರು ತನ್ನಂತೆ ಒದ್ದಾಡಬಾರದಂತೆ. ತಂತಿ ಪೂರ್ತಿ ಕೆಂಪು ಮಾಡಬಹುದಲ್ಲ ಎನ್ನುತ್ತೇನೆ.

ಮಾವ ಕುಂಚ ಒರೆಸಿ ಕೆಳಗಿಡುತ್ತಾರೆ.

"ಬೇಡ. ಇಷ್ಟು ನಂದು. ಉಳಿದಿದ್ದೆಲ್ಲ ಅಣ್ಣಂದು."