ಆ ತುತ್ತು ಇಳಿಯುವವರೆಗೆ

ಬೆಳಕು ಹರಿಯುವ ಮುನ್ನವೇ ಶಿಶುವಿಹಾರದ ಅಡುಗೆಮನೆಯಲ್ಲಿ ನೀರಿನ ಸದ್ದು. ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಾರೆ ಅಡುಗೆಯವರು. ಮಕ್ಕಳ ಬಾಯಲ್ಲಿ ಅವರು ‘ದೊಡ್ಡಮ್ಮ’. ಹಾಲಿನ ಕ್ಯಾನು ಬರುವ, ಗೋಧಿಹಿಟ್ಟಿನ ಚೀಲ ಬಿಚ್ಚುವ ಮೊದಲು ಒಂದು ಪುಟ್ಟ ಪಾತ್ರೆಯಲ್ಲಿ ಅನ್ನ, ಕುಂಬಳಕಾಯಿ ಬೆಂದು, ಮುಚ್ಚಳ ಬಿಗಿದು, ಮೇಲಿನ ಕಪಾಟು ಸೇರಬೇಕು.

ಅದು ಐದು ವರ್ಷದ ಹುಡುಗಿಯೊಬ್ಬಳ ಊಟ. ದೊಡ್ಡಮ್ಮ ನೆನೆಯುತ್ತಾರೆ: “ತುತ್ತು ಬಾಯಲ್ಲೇ ಇಟ್ಕೊಂಡು ಕೂತಿರೋಳು. ತುತ್ತಿಗೊಂದು ಗುಟುಕು ನೀರು. ನಾವೆಲ್ಲ ಹಠ ಅಂದ್ಕೊಂಡ್ವಿ. ಬೇಗ ನುಂಗು ಅಂತ ಅವಳಮ್ಮ ಹೇಳಿ ಹೇಳಿ ಸೋತಿದ್ರು.”

ಹೋದ ವರ್ಷ ಒಂದು ಮಧ್ಯಾಹ್ನ ಬ್ರೆಡ್ಡಿನ ತುಂಡು ಅವಳ ಗಂಟಲ ಕೆಳಗೆ ಸಿಕ್ಕಿಕೊಂಡಿತು. ಉಸಿರಾಡುತ್ತಿತ್ತು ಮಗು, ಆದರೆ ಎಂಜಲೂ ಇಳಿಯಲೊಲ್ಲದು. ಜೊಲ್ಲು ಸುರಿಸುತ್ತಿದ್ದ ಕೂಸನ್ನು ಮಡಿಲಲ್ಲಿಟ್ಟುಕೊಂಡು ದೊಡ್ಡಮ್ಮ ಬಾಡಿಗೆ ಕಾರು ಹತ್ತಿದರು. “ದಾರಿಯುದ್ದಕ್ಕೂ ಒಂದೇ ಮಾತು: ‘ದೊಡ್ಡಮ್ಮ, ನಾನು ಹಠ ಮಾಡ್ತಿಲ್ಲ.’”

ವೈದ್ಯರು ಕೊಳವೆ ಇಳಿಸಿ ತುಂಡು ತೆಗೆದರು. ಪರೀಕ್ಷೆಯಲ್ಲಿ ಕಾಯಿಲೆಯ ಹೆಸರೂ ಸಿಕ್ಕಿತು: ಇಯೊಸಿನೊಫಿಲಿಕ್ ಈಸೊಫಜೈಟಿಸ್. ಕೆಲವು ಆಹಾರ ಒಗ್ಗದೆ ಅನ್ನನಾಳವೇ ಊದಿ ಕಿರಿದಾಗುವ ಅಲರ್ಜಿ. ಆ ಹೆಸರಿಗೆ ನಾಲಿಗೆ ಹೊರಳದ ದೊಡ್ಡಮ್ಮ ‘ಗಂಟಲ ಮುನಿಸು’ ಅನ್ನುತ್ತಾರೆ. ಔಷಧಿ ನಡೆಯುತ್ತಿದೆ. ಹಾಲು, ಗೋಧಿ ಬಂದ್.

ಅಡುಗೆಮನೆ ಒಂದೇ, ಮಕ್ಕಳು ನಲವತ್ತು. ಹುಡುಗಿಯ ಚಮಚ, ಬಟ್ಟಲು, ಒರೆಸುವ ಬಟ್ಟೆ ಎಲ್ಲವೂ ಬೇರೆ. “ಒಂದು ಚಮಚಕ್ಕೆ ಇಷ್ಟು ರಾದ್ಧಾಂತವಾ?” ಎಂದು ಪಾತ್ರೆ ತೊಳೆಯುವಾಕೆ ನಕ್ಕಾಗ ದೊಡ್ಡಮ್ಮ ಹೇಳಿದ್ದು ಇಷ್ಟೇ: “ನನ್ನ ಗಂಟಲಾಗಿದ್ರೆ ನಾನೂ ನಗ್ತಿದ್ದೆ. ಇದು ಮಗೂದು.”

ಊಟದ ಹೊತ್ತು. ಹುಡುಗಿ ಅಗಿಯುತ್ತಾಳೆ, ನುಂಗುತ್ತಾಳೆ. ಇದ್ದಕ್ಕಿದ್ದಂತೆ ನಿಲ್ಲಿಸುತ್ತಾಳೆ, ಅಂಗೈ ಎದೆಯ ಮೇಲೆ. ದೊಡ್ಡಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿದೆ.

“ನಿಧಾನ, ಪುಟ್ಟಿ. ಏನೂ ಅವಸರ ಇಲ್ಲ.” ದನಿ ತಣ್ಣಗಿದೆ, ಕಣ್ಣು ಹುಡುಗಿಯ ಮೇಲೇ ಇದೆ. ಪಕ್ಕದ ಮಕ್ಕಳೂ ಅವಳತ್ತ ತಿರುಗುತ್ತಾರೆ. ಕೊನೆಗೆ ಅವಳ ಕತ್ತು ಒಮ್ಮೆ ಅಲುಗುತ್ತದೆ. ತುತ್ತು ಇಳಿಯಿತು.

ಊತ ಇಳಿದಿದೆ ಎಂದಿದ್ದಾರೆ ವೈದ್ಯರು. ಮುಂದಿನ ತಿಂಗಳು ಗೋಧಿಯನ್ನು ಮತ್ತೆ ಕೊಟ್ಟು ನೋಡುತ್ತಾರಂತೆ. “ಅವಳಿಗೆ ಕುಣಿಯೋ ಖುಷಿ. ನನಗೆ ಈಗಿನಿಂದಲೇ ದಿಗಿಲು.”

ನಿಮಗೇನು ಆಸೆ ಎಂದು ಕೇಳಿದರೆ ದೊಡ್ಡಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾರೆ. “ಉಳಿದ ಮಕ್ಕಳು ಊಟಕ್ಕೆ ಕೂತ್ರೆ ಸಂತೆ. ಇವಳು ಒಂದಕ್ಷರ ಆಡಲ್ಲ, ನುಂಗೋದರಲ್ಲೇ ಜೀವ. ಇವಳೂ ಬಾಯ್ತುಂಬ ಅನ್ನ ಇಟ್ಕೊಂಡು ಹರಟೆ ಹೊಡೀಬೇಕು. ನೆಲವೆಲ್ಲ ಅಗುಳಾದ್ರೂ ಸರಿ, ನಾನು ಗುಡಿಸ್ತೀನಿ.”