ಬಿಲ್ಡ್ ಆಗುವಾಗ ಕಸ ಗುಡಿಸಿದವಳು

ಕಂಪ್ಯೂಟರಿನ ಒಳಗೂ ಕಸ ಗುಡಿಸಿದ ಹೆಂಗಸು ಇಡೀ ಮಧುಗಿರಿಯಲ್ಲಿ ನಾನೊಬ್ಬಳೇ ಇರಬೇಕು.

ಆದದ್ದಿಷ್ಟು. ಪಕ್ಕದ ಮನೆ ರತ್ನಮ್ಮನವರ ಮಗಳ ಮದುವೆ. ಅವಳ ಧಾರೆ ಬ್ಲೌಸಿನ ಬೆನ್ನಿಗೊಂದು ನವಿಲು ಬರೆದುಕೊಡುತ್ತೇನೆಂದು ನಾನೇ ಮೇಲೆ ಬಿದ್ದು ಒಪ್ಪಿಕೊಂಡಿದ್ದೆ. ಬರೆಯುವುದು ಲ್ಯಾಪ್‌ಟಾಪಿನಲ್ಲಿ, ಒಂದು ಫ್ರೀ ಡ್ರಾಯಿಂಗ್ ಸಾಫ್ಟ್‌ವೇರಿನಲ್ಲಿ. ಶಿರಾದ ಎಂಬ್ರಾಯಿಡರಿ ಅಂಗಡಿಗೆ ಶನಿವಾರದೊಳಗೆ ಫೈಲ್ ಕಳಿಸಬೇಕು. ಗರಿಗೆ ಗರಿ ಸೇರಿಸಿ ಮುಗಿಸಿದೆ. ಮರುದಿನ ಫೈಲ್ ತೆರೆದರೆ ಸಾಫ್ಟ್‌ವೇರೇ ಮುಚ್ಚಿಕೊಂಡಿತು. ಮತ್ತೆ ತೆರೆದೆ. ಮತ್ತೆ ಮುಚ್ಚಿಕೊಂಡಿತು.

ಅದರ ಫೋರಮ್ಮಿನಲ್ಲಿ ಅತ್ತುಕೊಂಡೆ. (ಕಾನ್ವೆಂಟ್ ಇಂಗ್ಲಿಷಿನಲ್ಲಿ, ಪ್ಲೀಸ್ ಮತ್ತು ಥ್ಯಾಂಕ್ಯೂ ಸಮೇತ.) ಯಾವ ದೇಶದವನೋ ಪುಣ್ಯಾತ್ಮ ಉತ್ತರಿಸಿದ: ಆ ತೊಂದರೆ ಸರಿಮಾಡಿದ್ದೇವೆ, ಆದರೆ ಹೊಸ ವರ್ಷನ್ ಬರುವುದು ಮುಂದಿನ ತಿಂಗಳು. ಅವಸರವಿದ್ದರೆ ಸೋರ್ಸ್ ಕೋಡ್ ಇಳಿಸಿಕೊಂಡು ವಿಂಡೋಸಿನಲ್ಲಿ ನೀವೇ ಬಿಲ್ಡ್ ಮಾಡಿಕೊಳ್ಳಿ.

ಅಂದರೆ? ಚಕ್ಕುಲಿ ಖಾಲಿ, ಹಿಟ್ಟು ಕೊಡುತ್ತೇವೆ, ಮನೆಯಲ್ಲೇ ಕರಿದುಕೊಳ್ಳಿ ಅಂತ. ಹಿಟ್ಟಿನ ಕೆಲಸ ನನಗೆ ಹೊಸದೇ?

ಅವನು ಬರೆದ ಕಮಾಂಡುಗಳನ್ನು ಒಂದೊಂದಾಗಿ ಅಂಟಿಸಿದೆ. ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಹರಿಯತೊಡಗಿದವು. ಅಷ್ಟರಲ್ಲಿ ರತ್ನಮ್ಮ ಇಣುಕಿದರು. ಅವರ ತವರು ಪಾವಗಡದ ಕಡೆಯ ರಾಯಚರ್ಲು.

“ಏನಕ್ಕಾ ಇದು, ಇಂಗೆ ಓಡ್ತೈತೆ? ನವಿಲೆಲ್ಲೈತೆ?”

“ಒಳಗಿದೆ ರತ್ನಮ್ಮ, ಬರುತ್ತೆ.”

“ಅಯ್ಯೋ ದೇವುಡಾ! ಮದ್ವೆ ಒಳಗೆ ಬತ್ತೈತಾ? ನಮ್ ಹುಡ್ಗಿ ಬೋಳು ಬ್ಲೌಸಾಗೆ ಧಾರೆಗೆ ಕುಂತ್ಕಂಡ್ರೆ ಬೀಗ್ರು ಆಡ್ಕಂತಾರೆ ಕಣಕ್ಕಾ.”

ಅವರು ಹೋದ ಮೇಲೆ ಸುಮ್ಮನೆ ಕೂರಲಾಗಲಿಲ್ಲ. ಬಿಲ್ಡ್ ನಡೆಯುತ್ತಿದ್ದ ಫೋಲ್ಡರ್ ತೆರೆದೆ. ಅಬ್ಬಾ! ರಾಶಿ ರಾಶಿ ಚೂರು ಫೈಲುಗಳು. ಕ್ಲಿಕ್ ಮಾಡಿದರೆ ಒಂದೂ ತೆರೆಯದು. ಒಗ್ಗರಣೆ ಹಾಕುತ್ತಲೇ ಕಟ್ಟೆ ಒರೆಸುವ ಕೈ ನನ್ನದು. ಕೆಲಸ ಮುಗಿಯುವವರೆಗೂ ಕಾಯುವುದುಂಟೇ? ಎಲ್ಲ ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿದೆ. ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿದೆ. (ಡೆಸ್ಕಿನ ಮೇಲೆ ಪೆನ್ಸಿಲ್ ಸಿಪ್ಪೆ ಕಂಡರೆ ಮಂಡಿಯೂರಿಸುತ್ತಿದ್ದ ನಮ್ಮ ಸಿಸ್ಟರ್ ನೋಡಿದ್ದರೆ ಸ್ಟಾರ್ ಕೊಡುತ್ತಿದ್ದರು.)

ಕೊನೆಯಲ್ಲಿ ಕೆಂಪು ಅಕ್ಷರಗಳು. ತನಗೆ ಬೇಕಾದ ಫೈಲುಗಳೇ ಸಿಗುತ್ತಿಲ್ಲ ಎಂದು ಕಂಪ್ಯೂಟರಿನ ದೂರು.

ಮತ್ತೆ ಫೋರಮ್ಮು. “ನಡುವೆ ಏನಾದರೂ ಅಳಿಸಿದಿರಾ?” ಎಂದ. “ಕಸ ಮಾತ್ರ” ಎಂದೆ. ಉತ್ತರ ಬಂತು: ಅದು ಕಸವಲ್ಲ, ನಿಮ್ಮ ಸಾಫ್ಟ್‌ವೇರು. ಆ ಚೂರುಗಳನ್ನೇ ಕೊನೆಗೆ ಜೋಡಿಸುವುದು. ಮತ್ತೆ ಶುರುಮಾಡಿ. ಈ ಸಲ ದಯವಿಟ್ಟು ಏನನ್ನೂ ಕ್ಲೀನ್ ಮಾಡಬೇಡಿ.

ಮದುವೆಯಾಗಿ ಇಷ್ಟು ವರ್ಷಕ್ಕೆ ನನಗೆ ಈ ಮಾತು ಹೇಳಿದ ಮೊದಲ ಗಂಡಸು!

ಶನಿವಾರ ಬೆಳಿಗ್ಗೆ ಮತ್ತೆ ಶುರು. ಕೈಕಟ್ಟಿ ಕೂತೆ. ಎದ್ದರೆ ಈ ಕೈ ಏನು ಒರೆಸಿಬಿಡುತ್ತದೋ ಎಂಬ ಭಯಕ್ಕೆ ಪಾತ್ರೆ ಕೂಡ ತೊಳೆಯಲಿಲ್ಲ. ಮಧ್ಯಾಹ್ನ ಹೊಸ ಸಾಫ್ಟ್‌ವೇರ್ ತೆರೆಯಿತು. ಫೈಲೂ ತೆರೆಯಿತು. ನವಿಲು ಒಂದು ಗರಿಯೂ ಉದುರದೆ ನಿಂತಿತ್ತು. ತಕ್ಷಣ ಶಿರಾಕ್ಕೆ ಕಳಿಸಿದೆ. “ಬಂತು ಮೇಡಂ, ಮಸ್ತ್ ಐತೆ” ಎಂದು ಅಂಗಡಿಯವರ ವಾಯ್ಸ್ ಮೆಸೇಜೂ ಬಂತು.

ರತ್ನಮ್ಮ ಓಡಿಬಂದು, ಪರದೆಯ ಮೇಲಿನ ನವಿಲಿಗೆ ದೃಷ್ಟಿ ತೆಗೆದು ನೆಟಿಕೆ ಮುರಿದರು. ಆಮೇಲೆ ಕಣ್ಣು ನನ್ನ ಸಿಂಕಿನ ಕಡೆ ಹೋಯಿತು.

“ಏನಕ್ಕಾ, ಮುಸುರೆ ಪಾತ್ರೆ ಇಂಗೇ ಬುಟ್ಟಿದೀರಾ?”

“ಮುಟ್ಟಬೇಡಿ ರತ್ನಮ್ಮ, ಬಿಲ್ಡ್ ನಡೀತಿದೆ” ಎಂದೆ.