ಮೂರು ಸಾವಿರ ಅಡಿಯ ಚೀಟಿ

ಲಿಯೋಟಾ ಸ್ಟ್ರಾಂಡ್‌ಳ ಕೈಗೆ ಅಳತೆ ಕೂತದ್ದು ಬಂದೂಕಿನ ಮದ್ದಿನಿಂದಲ್ಲ, ಹಿಟ್ಟಿನಿಂದ. ಮೊಂಟಾನಾದ ಬೆಟ್ಟಸಾಲಿನ ಬುಡದ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸಿದವಳು ಅವಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುವ ಜಾತಿ. ಬೇರೆಯವರು ಹೇಳಿದ್ದಕ್ಕಲ್ಲ, ತಕ್ಕಡಿ ಹೇಳಿದ್ದಕ್ಕೆ ಮಾತ್ರ ಹೂಂ ಅನ್ನುವಳು.

ಅವಳು ಮದುವೆಯಾಗಿ ಬಂದಾಗ ಸ್ಟ್ರಾಂಡ್ ಮನೆಯ ಗಂಡಸರು ಚಳಿಗಾಲವೆಲ್ಲ ಗ್ಯಾರೇಜಿನಲ್ಲಿ ಕೂತು, ಹಾರಿಸಿ ಖಾಲಿಯಾದ ಹಿತ್ತಾಳೆ ತೋಟಾಗಳನ್ನು ಉಜ್ಜಿ ತೊಳೆದು, ಹೊಸ ಮದ್ದು ಗುಂಡು ತುಂಬುತ್ತಿದ್ದರು. ಎರಡನೇ ಚಳಿಗಾಲಕ್ಕೆ ಆ ಮೇಜು ಸೊಸೆಯ ವಶವಾಯಿತು. ಮಾವ ಸೀವರ್ಟನೇ ಒಪ್ಪಿಕೊಂಡಿದ್ದ: "ನಮ್ದು ಅಂದಾಜು, ಇವಳ್ದು ಲೆಕ್ಕ."

ಮಾವ ತೀರಿಕೊಂಡ ಮೇಲೆ ಅವನ ಬಂದೂಕು ಕಿರಿಮಗ ಡೆಲ್ಮರನ ಕಪಾಟು ಸೇರಿತು. ಆದರೆ ಮನೆತನದಲ್ಲೊಂದು ಕಟ್ಟಳೆ ಇತ್ತು. ಸರಕಾರ ವರ್ಷಕ್ಕೊಮ್ಮೆ ಲಾಟರಿ ಎತ್ತಿ ಕೊಡುವ ಗಂಡು ಎಲ್ಕಿನ ಪರವಾನಗಿ ಯಾರ ಹೆಸರಿಗೆ ಬರುತ್ತದೋ, ಆ ವರ್ಷ ಆ ಬಂದೂಕು ಅವರ ಹೆಗಲಿಗೆ. ಎಲ್ಕ್ ಅಂದರೆ ಕುದುರೆಯೆತ್ತರದ ಕಡವೆ. ಗಂಡಿನ ಕೊಂಬೋ ಎಲೆಯುದುರಿದ ಮರ. ಲಿಯೋಟಾ ಹದಿನಾಲ್ಕು ವರ್ಷ ಅರ್ಜಿ ಹಾಕಿದಳು. ಅರವತ್ತಮೂರನೇ ವಯಸ್ಸಿಗೆ ಹೆಸರು ಎದ್ದಿತು.

ಬಂದೂಕಿನ ಹಿಡಿಗೆ ಮಾವ ಅಂಟಿಸಿದ ಚೀಟಿಯೊಂದಿತ್ತು. ಮೇಲೆ ದಪ್ಪಗೆ ಮೂರು ಸಾವಿರ. ಗುಂಡು ಸೆಕೆಂಡಿಗೆ ಅಷ್ಟು ಅಡಿ ಓಡುತ್ತದೆಂದು ಅರ್ಥ. ಓಟ ನಿಧಾನವಾದಷ್ಟೂ ದೂರದಲ್ಲಿ ಗುಂಡು ಕೆಳಗಿಳಿಯುತ್ತದೆ. ಕೆಳಗೆ, ಯಾವ ದೂರಕ್ಕೆ ಬಂದೂಕಿನ ಮೇಲಿನ ದುರ್ಬೀನಿನ ತಿರುಪನ್ನು ಎಷ್ಟು ಕ್ಲಿಕ್ ತಿರುವಬೇಕು ಎಂಬ ಪಟ್ಟಿ. ಇನ್ನೂರು ಗಜಕ್ಕೆ ಗುರಿ ಕೂರಿಸಿಬಿಟ್ಟರೆ ಮುಂದಿನದನ್ನು ಚೀಟಿ ನೋಡಿಕೊಳ್ಳುತ್ತದೆ ಎಂಬುದು ಆ ಮನೆಯ ನಂಬಿಕೆ. ಬೈಬಲಿಗಿಂತ ಒಂದೇ ಮೆಟ್ಟಿಲು ಕೆಳಗೆ ಆ ಚೀಟಿ.

ಲಿಯೋಟಾಗೆ ಮಾತ್ರ ಅದರ ಮೇಲೆ ಹಳೆಯ ಗುಮಾನಿ. ಒಂದು ವರ್ಷ ಮಾವ ನಾನೂರು ಗಜದಿಂದ ಹೊಡೆದ ಗುಂಡು ಎದೆಗೆ ಬೀಳದೆ ಗಂಡೆಲ್ಕಿನ ಮುಂಗಾಲು ಮುರಿದಿತ್ತು. ಮಾವ ಸೊಸೆ ಇಬ್ಬರೂ ಎರಡು ದಿನ ಹಿಮದ ಮೇಲಿನ ರಕ್ತ ಹಿಡಿದು ನಡೆದರು. ಹಳ್ಳದ ದಂಡೆಯಲ್ಲಿ ರಕ್ತ ನಿಂತಿತು, ಪ್ರಾಣಿ ಸಿಗಲಿಲ್ಲ. "ಹೊಡೆಯೋ ಹೊತ್ಗೆ ನೆಗೆದುಬಿಡ್ತು," ಎಂದ ಮಾವ. ಆ ಮುಳ್ಳು ಲಿಯೋಟಾಳ ಒಳಗೇ ಉಳಿಯಿತು.

ಅದಕ್ಕೇ ಪರವಾನಗಿ ಬಂದ ವಾರವೇ ಅವಳು ಕ್ರೋನೋಗ್ರಾಫ್ ಕೊಂಡಳು. ಮುಕ್ಕಾಲಿಯ ಮೇಲೆ ಕೂರುವ, ಎರಡು ಕಣ್ಣಿನ ಪೆಟ್ಟಿಗೆ. ಗುಂಡಿನ ನೆರಳು ಮೊದಲ ಕಣ್ಣು ದಾಟಿ ಎರಡನೆಯದಕ್ಕೆ ಬರುವ ಹೊತ್ತನ್ನು ಹಿಡಿದು ವೇಗ ಹೇಳುತ್ತದೆ. ಅಕ್ಟೋಬರಿನ ಒಂದು ಶನಿವಾರ, ತಮ್ಮ ಹುಲ್ಲುಗಾವಲಿನಾಚೆಯ ಜಲ್ಲಿಗುಂಡಿಯಲ್ಲಿ, ನಳಿಗೆಯ ತುದಿಯಿಂದ ಹನ್ನೆರಡು ಅಡಿ ಅಳೆದು ಅದನ್ನಿಟ್ಟಳು. ಹತ್ತಿರವಿಟ್ಟರೆ ಸ್ಫೋಟದ ಗಾಳಿಗೆ ಕಣ್ಣು ಕಂಗೆಡುತ್ತದೆ. ಬಂದೂಕು ತಂದ ಡೆಲ್ಮರ್ ಕಾಫಿ ಲೋಟ ಹಿಡಿದು ಹಿಂದೆ ನಿಂತ.

ಹತ್ತು ಗುಂಡು ಹಾರಿದವು. ಸರಾಸರಿ ಎರಡು ಸಾವಿರದ ಏಳುನೂರ ಎಂಬತ್ತೆರಡು. ಒಂದಕ್ಕೂ ಇನ್ನೊಂದಕ್ಕೂ ಇಪ್ಪತ್ತು ಅಡಿಯೊಳಗಿನ ಅಂತರ. ತುಂಬಿದ ಕೈ ಹದವಾಗಿತ್ತು.

"ನಿನ್ನ ಪೆಟ್ಟಿಗೆಗೆ ಕಣ್ಣು ಮಂಜು, ಅತ್ತಿಗೆ," ಎಂದ ಡೆಲ್ಮರ್. "ಅಪ್ಪನ ಗುಂಡು ಮೂರು ಸಾವಿರ. ಊರಿಗೇ ಗೊತ್ತು."

ಲಿಯೋಟಾ ಚಿಕ್ಕ ಬಂದೂಕೊಂದನ್ನು ತೆಗೆದಳು. ಅದರ ಅಂಗಡಿ ತೋಟಾದ ಡಬ್ಬಿಯ ಮೇಲೆ ಸಾವಿರದ ಎಪ್ಪತ್ತು ಎಂದು ಅಚ್ಚಾಗಿತ್ತು. ಹಾರಿಸಿದಳು. ಪೆಟ್ಟಿಗೆ ಸಾವಿರದ ಅರವತ್ತಾರು ಎಂದಿತು.

"ಸಣ್ಣದಕ್ಕೆ ನಿಜ ಹೇಳಿ ದೊಡ್ಡದಕ್ಕೆ ಸುಳ್ಳು ಹೇಳೋರು ಬೇಕಾದಷ್ಟು ಜನ ಇದಾರೆ," ಎಂದ ಡೆಲ್ಮರ್.

"ಹೂಂ. ಅದ್ರಲ್ಲಿ ಒಬ್ಬ ನನ್ನೆದುರೇ ನಿಂತು ಕಾಫಿ ಕುಡೀತಿದಾನೆ."

ಡೆಲ್ಮರ್ ನಗಲಿಲ್ಲ. "ನೋಡು, ಆ ಚೀಟಿ ಕಿತ್ತೆ ಅಂದ್ರೆ ಬಂದೂಕು ವಾಪಸ್ ನನ್ನ ಕಪಾಟಿಗೆ. ನಿನ್ನ ಎಲ್ಕಿಗೆ ಕವಣೆ ತಗೊಂಡ್ಹೋಗು."

ಲಿಯೋಟಾ ಹದಿನಾಲ್ಕು ವರ್ಷ ಕಾದದ್ದು ಒಂದು ಕಡೆ. ಸುಳ್ಳು ಚೀಟಿ ನಂಬಿ ಇನ್ನೊಂದು ಕಾಲು ಮುರಿಯುವುದು ಇನ್ನೊಂದು ಕಡೆ. ಅಷ್ಟರಲ್ಲಿ ಮನೆಯಿಂದ ಊಟದ ಗಂಟೆ ಕೇಳಿತು. ಅವಳ ಗಂಡ ಆರ್ವಿಡ್ ಸಾರು ಬಿಸಿ ಮಾಡಿ ಕರೆಯುತ್ತಿದ್ದ.

ಊಟದ ಮೇಜಿನ ಮೇಲೆ, ಆಲೂಗಡ್ಡೆ ರೊಟ್ಟಿಯ ತಟ್ಟೆಯ ಪಕ್ಕ, ಲಿಯೋಟಾ ಮಾವನ ಹಳೆಯ ಪುಸ್ತಕ ಬಿಚ್ಚಿದಳು. ಯಾವ ಗುಂಡಿಗೆ ಎಷ್ಟು ಮದ್ದು, ಎಷ್ಟು ವೇಗ ಎಂದು ಹೇಳುವ ಪುಸ್ತಕ. ಮಾವನ ಗುಂಡಿನ ಎದುರು ಮೂರು ಸಾವಿರವೇ ಇತ್ತು. ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರ: ಇಪ್ಪತ್ತಾರು ಇಂಚಿನ ನಳಿಗೆಯಲ್ಲಿ ಅಳೆದದ್ದು. ನಳಿಗೆ ಗಿಡ್ಡವಾದರೆ ಗುಂಡಿನ ಓಟವೂ ಕುಗ್ಗುತ್ತದೆ. ಅವಳು ಎದ್ದು ಬಂದೂಕಿನ ನಳಿಗೆಗೆ ಟೇಪು ಹಿಡಿದಳು. ಇಪ್ಪತ್ತು.

"ಅಪ್ಪ ಕೊಯ್ಸಿದ್ದ," ಎಂದ ಆರ್ವಿಡ್, ಸಾರಿನಿಂದ ತಲೆಯೆತ್ತದೆ. "ಕುದುರೆ ಮೇಲೆ ಹೋಗುವಾಗ ಪೊದೆಗೆ ಸಿಕ್ಕೊಳ್ಳತ್ತೆ ಅಂತ. ಗರಗಸ ಎಳೆಯುವಾಗ ನಾನೇ ಹಿಡ್ಕೊಂಡಿದ್ದೆ."

"ನಲವತ್ತು ವರ್ಷದಿಂದ ಇದನ್ನ ಹೇಳ್ಬೇಕು ಅನ್ನಿಸ್ಲಿಲ್ವಾ ನಿಮಗೆ?"

"ನೀನು ಕೇಳ್ಲಿಲ್ಲ."

"ತುಂಡೆಲ್ಲಿ?"

ಆರ್ವಿಡ್ ಚಮಚದಲ್ಲಿ ಹಿಂಬಾಗಿಲ ಕಡೆ ತೋರಿಸಿದ. ಅಲ್ಲಿ ಹಳೆಯ ನೇಗಿಲಿನ ತಟ್ಟೆ ಊಟದ ಗಂಟೆಯಾಗಿ ತೂಗುತ್ತಿತ್ತು, ಪಕ್ಕದಲ್ಲಿ ಅದನ್ನು ಬಾರಿಸುವ ಕಬ್ಬಿಣದ ತುಂಡು. ಡೆಲ್ಮರ್ ಹೋಗಿ ಬಿಚ್ಚಿಕೊಂಡು, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ. ಒಳಗೆ ಬಂದೂಕಿನ ನಳಿಗೆಯಲ್ಲಿರುವಂಥ, ಬಳ್ಳಿಯಂತೆ ಸುತ್ತಿದ ಗೆರೆಗಳು. ಬಂದೂಕಿನ ತುದಿಗೆ ತಾಗಿಸಿದ. ಆರಿಂಚು, ಹೊಂದಿ ಕೂತಿತು.

"ಅಪ್ಪ ಅಳೀಲೇ ಇಲ್ಲ," ಎಂದ, ತುಂಡನ್ನು ಮೇಜಿನ ಮೇಲಿಟ್ಟು. "ಪುಸ್ತಕ ನೋಡಿ ಬರೆದ."

"ಪುಸ್ತಕದೋರ ಬಂದೂಕು ಉದ್ದ ಇತ್ತು ಕಣೋ, ಅಷ್ಟೆ."

ಆದರೂ ಮಗನಲ್ಲವೇ. ಮಧ್ಯಾಹ್ನ ಅವನೇ ನಾನೂರು ಗಜದಲ್ಲಿ ಊಟದ ತಟ್ಟೆಯಗಲದ ಉಕ್ಕಿನ ಹಲಗೆ ನಿಲ್ಲಿಸಿ, ಚೀಟಿಯಂತೆಯೇ ತಿರುಪು ತಿರುವಿ ಹೊಡೆದ. ಹಲಗೆಯ ಅಡಿಯಲ್ಲಿ ಧೂಳೆದ್ದಿತು. ಲಿಯೋಟಾ ಮೊಣಕೈಯೂರಿ ಮಲಗಿ, ತನ್ನ ಲೆಕ್ಕದಂತೆ ನಾಲ್ಕು ಕ್ಲಿಕ್ ಹೆಚ್ಚು ತಿರುವಿ, ಉಸಿರು ಅರ್ಧಕ್ಕೆ ಬಿಟ್ಟು ಒತ್ತಿದಳು. ಠಣ್ ಎಂದದ್ದು ಮನೆಯಲ್ಲಿದ್ದ ಆರ್ವಿಡನಿಗೂ ಕೇಳಿತಂತೆ.

ಡೆಲ್ಮರ್ ಚಾಕುವಿನ ಮೊನೆಯಿಂದ ಚೀಟಿಯನ್ನು ಹರಿಯದಂತೆ ಬಿಡಿಸಿ ಅಂಗಿಜೇಬಿಗೆ ಇಟ್ಟುಕೊಂಡ.

"ಹೊಸದರಲ್ಲಿ ಎರಡು ಸಾವಿರದ ಎಂಟುನೂರು ಅಂತ ಬರಿ, ಅತ್ತಿಗೆ. ನೆನಪಿರತ್ತೆ."

"ನಿಮ್ಮನೆಯೋರಿಗೆ ದುಂಡು ಅಂಕಿ ಸಾಕಾಗಿಲ್ವಾ ಇನ್ನೂ?" ಎಂದು ಅವಳು ಎರಡು ಸಾವಿರದ ಏಳುನೂರ ಎಂಬತ್ತೆರಡನ್ನೇ ಬರೆದಳು.

ನವೆಂಬರಿನ ಮೊದಲ ವಾರ, ಅತ್ತಿಗೆ ಮೈದುನ ಇಬ್ಬರೂ ಬೆಟ್ಟದ ಮೇಲೆ, ಹೊಸ ಹಿಮದಲ್ಲಿ. ಮುನ್ನೂರ ತೊಂಬತ್ತು ಗಜದಾಚೆ ಗಂಡು ಎಲ್ಕೊಂದು ಪಕ್ಕೆ ಕೊಟ್ಟು ನಿಂತಿತ್ತು. ಲಿಯೋಟಾ ಹೊಸ ಚೀಟಿ ನೋಡಿದಳು, ತಿರುಪು ತಿರುವಿದಳು, ಒಂದೇ ಒಂದು ಗುಂಡು. ಎಲ್ಕ್ ನಾಲ್ಕು ಹೆಜ್ಜೆ ಇಟ್ಟು ಕೂತು, ಅಲ್ಲೇ ಒರಗಿತು. ಹಿಡಿದು ನಡೆಯಲು ರಕ್ತದ ದಾರಿಯೇ ಇರಲಿಲ್ಲ.

"ಇದು ನೆಗೆಯಲಿಲ್ಲ ನೋಡು," ಎಂದ ಡೆಲ್ಮರ್ ಮೆಲ್ಲಗೆ.

"ಅವತ್ತು ಮಾವ ಹೊಡೆದದ್ದೂ ನೆಗೆದಿರ್ಲಿಲ್ಲ ಕಣೋ," ಎಂದಳು ಲಿಯೋಟಾ. "ಬಾ, ಚಾಕು ತಗೊ. ಕತ್ತಲಾಗೋದ್ರೊಳಗೆ ಮಾಂಸ ಕೆಳಗಿಳಿಸ್ಬೇಕು."